ನನ್ನೊಳಗಿನ ತೇವಾಂಶ

ತೂಕದ ವಿಷಯದಲ್ಲಿ ನಾನು ಹೆತ್ತ ತಾಯಿಯನ್ನೂ ನಂಬುವವನಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಹೊಟ್ಟೆಪಾಡು ನನ್ನನ್ನು ಹಾಗೆ ಮಾಡಿಬಿಟ್ಟಿದೆ. ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಲಾರಿ ಕಾಟಾದ ಗುಮಾಸ್ತ. ಭತ್ತ ತುಂಬಿದ ಲಾರಿಯೋ ಟ್ರ್ಯಾಕ್ಟರೋ ಕಾಟಾದ ಮೇಲೆ ಬಂದು ನಿಲ್ಲುತ್ತದೆ, ನಾನು ಗಾಜಿನ ಕಿಟಕಿಯ ಹಿಂದೆ ಕೂತು ಅಂಕಿ ಬರೆದುಕೊಳ್ಳುತ್ತೇನೆ. ಇಷ್ಟೇನಾ ಎಂದು ನೀವು ಮೂಗು ಮುರಿಯಬಹುದು. ಒಬ್ಬ ಪುಣ್ಯಾತ್ಮ ಭತ್ತದ ಚೀಲಗಳ ನಡುವೆ ತನ್ನ ಹೆಣ್ಣುಕೊಟ್ಟ ಮಾವನನ್ನೇ ಬಚ್ಚಿಟ್ಟು ತೂಕಕ್ಕೆ ತಂದಿದ್ದ. ಧೂಳಿಗೆ ಮುದುಕ ಸೀನಿದ್ದರಿಂದ ಸಿಕ್ಕಿಬಿದ್ದ, ಇಲ್ಲದಿದ್ದರೆ ನಾವು ಮುದುಕನನ್ನೂ ಭತ್ತದ ದರಕ್ಕೇ ಕೊಂಡುಬಿಡುತ್ತಿದ್ದೆವು. ಇಂಥವರ ನಡುವೆ ಕೂತವನಿಗೆ ನಂಬಿಕೆ ಎಲ್ಲಿಂದ ಬರಬೇಕು ಹೇಳಿ.

ಅದಕ್ಕಿಂತ ದೊಡ್ಡ ತಂಟೆ ತೇವಾಂಶದ್ದು. ಭತ್ತ ಸರಿಯಾಗಿ ಒಣಗಿರದಿದ್ದರೆ ಅದರೊಳಗಿನ ನೀರೂ ತೂಗುತ್ತದೆ. ಹಿಡಿ ಭತ್ತ ತೆಗೆದು, ಮುಷ್ಟಿಯಲ್ಲಿ ಹಿಸುಕಿ, ತೇವ ನೋಡುವ ಮಷೀನಿಗೆ ಹಾಕಿ, "ನಿನ್ನ ಭತ್ತದಾಗ ನೀರೈತಿ ಗೌಡ, ಕಡಿತ ಬೀಳತೈತಿ" ಎಂದು ಹೇಳುವ ಪಾಪದ ಕೆಲಸವೂ ನನ್ನದೇ. ಎಲ್ಲ ರೈತರೂ ಒಂದೇ ಮಾತು ಹೇಳುತ್ತಾರೆ: "ಎರಡು ದಿನ ಬಿಸಲಿಗೆ ಹಾಕಿದ್ರ ಸರಿ ಹೋಗತೈತ್ರಿ." ನಾನು ಕರಗಿದವನಲ್ಲ. ಹೋದ ಸುಗ್ಗಿಯಲ್ಲಿ ನನ್ನ ಸ್ವಂತ ಭಾವ, ಅಂದರೆ ಪಂಪಕ್ಕನ ಗಂಡ, ದೇಶನೂರಿನಿಂದ ಭತ್ತ ತಂದಾಗಲೂ ಮುಖ ನೋಡದೆ ಕಡಿತ ಹಾಕಿದೆ. "ನೀವು ನಮ್ಮ ಭಾವ ಅಂತ ಭತ್ತ ಒಣಗತೈತೇನ್ರಿ?" ಎಂದು ಎಲ್ಲರ ಮುಂದೆ ಕೇಳಿಯೂ ಬಿಟ್ಟೆ. ಭಾವ ಅವತ್ತು ನಾನು ತರಿಸಿದ ಚಹಾ ಮುಟ್ಟದೆ ಎದ್ದು ಹೋದರು.

ಇಂಥ ಕಟ್ಟುನಿಟ್ಟಿನ ಮನುಷ್ಯ ಸ್ವತಃ ಎಷ್ಟು ತೂಗುತ್ತಿದ್ದ ಎಂದು ನೀವು ಕೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ: ನೂರಾ ಇಪ್ಪತ್ತಾರು ಕಿಲೋ. ನಮ್ಮ ಲಾರಿ ಕಾಟಾಕ್ಕೆ ಸಣ್ಣಪುಟ್ಟ ತೂಕ ತಿಳಿಯುವುದೇ ಇಲ್ಲ, ಕೋಳಿ, ನಾಯಿ, ತೆಳ್ಳಗಿನ ಹಮಾಲರು ಅದರ ಮೇಲೆ ಅಡ್ಡಾಡಿದರೂ ಅಂಕಿ ಅಲುಗುವುದಿಲ್ಲ. ನಾನು ಹತ್ತಿದರೆ ಮಾತ್ರ ಒಳಗಿಂದ ಯಾರಾದರೂ "ಯಾವ ಗಾಡಿ ಬಂತ್ರಿ?" ಎಂದು ಕೇಳುತ್ತಿದ್ದರು. ಬೂಟಿನ ದಾರ ಕಟ್ಟುವುದನ್ನು ಬಿಟ್ಟು ಎಂಟು ವರ್ಷವಾಗಿತ್ತು. ಕೊನೆಗೆ ಬಳ್ಳಾರಿಯ ಡಾಕ್ಟರು, ಹೊಟ್ಟೆಯ ಚೀಲವನ್ನು ಕತ್ತರಿಸಿ ಬಾಳೆಕಾಯಿಯಷ್ಟು ಸಣ್ಣದು ಮಾಡುವ ಆಪರೇಷನ್ ಮಾಡಿಸಿಕೊಳ್ಳಿ ಎಂದರು.

ನಿಜ ಹೇಳಬೇಕೆಂದರೆ, ಡಾಕ್ಟರು ಅದನ್ನು ಮೊದಲು ಹೇಳಿದ್ದು ನನಗಲ್ಲ, ಪಂಪಕ್ಕನಿಗೆ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಕೂಡಿಸಿಕೊಂಡೇ ಶಾಲೆಗೆ ಹೋಗಿ ಬಂದವಳು. ಸೊಂಟದ ಮೇಲಿದ್ದಾಗಲೂ ನಾನು ಹಗುರ ಇರಲಿಲ್ಲವಂತೆ. ಈಗ ಅವಳಿಗೆ ಸಕ್ಕರೆ ಕಾಯಿಲೆ, ಎರಡೂ ಮೊಣಕಾಲು ಕೈಕೊಟ್ಟಿವೆ, ಪಡಸಾಲೆಯಿಂದ ಹಿತ್ತಲಿಗೆ ಹೋಗುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದು ನಿಂತು ಉಸಿರು ತೆಗೆದುಕೊಳ್ಳುತ್ತಾಳೆ. ಇನ್ನು ತಡ ಮಾಡಬೇಡಿ ಎಂದು ಡಾಕ್ಟರು ಮುಖಕ್ಕೇ ಹೇಳಿದರೂ ಅಕ್ಕ ತಲೆ ಅಲ್ಲಾಡಿಸಿಬಿಟ್ಟಳು. ನಾನು ಕಾಲು ಹಿಡಿದು ಕೇಳಿಕೊಂಡೆ. "ನೀನೂ ನನ್ನಂಗ ಅದೀದಿ. ಮೊದ್ಲು ನೀ ಮಾಡಿಸ್ಕೊ, ಆಮ್ಯಾಲೆ ನೋಡತೀನಿ" ಎಂದಳು. ನನ್ನನ್ನು ಓಡಿಸಲು ಹಾಗೆ ಹೇಳಿದ್ದಳು. ನಾನು ಆಗಲಿ ಎಂದುಬಿಟ್ಟೆ. ನನಗೆ ಅಕ್ಕ ಬೇಕಾಗಿತ್ತು, ಅಷ್ಟೇ. ಹೀಗಾಗಿ ನನ್ನ ಹೊಟ್ಟೆ ನನ್ನದಾಗಿ ಉಳಿಯಲಿಲ್ಲ, ಅಕ್ಕನಿಗೆ ತೋರಿಸುವ ಸ್ಯಾಂಪಲ್ ಆಯಿತು. ನಾನು ಇಳಿದರೆ ಅಕ್ಕ ಒಪ್ಪುತ್ತಾಳೆ, ಇಳಿಯದಿದ್ದರೆ ಇಲ್ಲ. ಲೆಕ್ಕ ಅಷ್ಟು ಸರಳ ಎಂದು ನಾನು ತಿಳಿದಿದ್ದೆ.

ಆಪರೇಷನ್ನಿನ ದಿನ ಗೊತ್ತಾದ ತಕ್ಷಣ ನಮ್ಮವ್ವ ಕುರುಗೋಡಿನ ಬಸವಣ್ಣನಿಗೆ ಹರಕೆ ಹೊತ್ತಳು. "ನನ್ನ ಮಗ ಹೊಳ್ಳಿ ಮನಿಗೆ ಬಂದ್ರ ಅವನ ತೂಕದಷ್ಟು ಬೆಲ್ಲ ನಿನಗಪ್ಪಾ." ಹರಕೆಯನ್ನು ಬಾಕಿ ಇಟ್ಟುಕೊಳ್ಳುವುದು ಅವ್ವನ ಜಾಯಮಾನವಲ್ಲ, ಮಂಗಳವಾರ ಆಪರೇಷನ್ ಆದರೆ ಮುಂದಿನ ಸೋಮವಾರವೇ ತುಲಾಭಾರ ಎಂದು ಗುಡಿಗೆ ಹೇಳಿಯೂ ಕಳಿಸಿದಳು. ಡಾಕ್ಟರನ್ನು ಕೇಳಿದೆ. "ಕಾರಿನಲ್ಲಿ ಮೆಲ್ಲಗೆ ಹೋಗಿ ಬನ್ನಿ, ಆದರೆ ಭಾರ ಮಾತ್ರ ಎತ್ತಬೇಡಿ" ಎಂದರು. ಅಲ್ಲಿ ಎತ್ತುವ ಭಾರ ನಾನೇ ಎಂದು ಬಿಡಿಸಿ ಹೇಳಲಿಲ್ಲ.

ಇಲ್ಲಿ ನನ್ನ ಬುದ್ಧಿವಂತಿಕೆ ಕೆಲಸ ಮಾಡಿತು. ಆಪರೇಷನ್ನಿಗೆ ಮುಂಚೆ ಎರಡು ವಾರ ಬರೀ ಗಂಜಿ ನೀರು ಕುಡಿದು ನಾನು ನೂರಾ ಇಪ್ಪತ್ತೆರಡಕ್ಕೆ ಬಂದಿದ್ದೆ. ಬರೀ ಗಂಜಿಗೇ ನಾಲ್ಕು ಕಿಲೋ ಇಳಿದವನು, ಹೊಟ್ಟೆಯನ್ನೇ ಮುಕ್ಕಾಲು ಕತ್ತರಿಸಿ ತೆಗೆದರೆ ಎಷ್ಟು ಇಳಿಯಬೇಕು? ತೆಗೆದ ತುಂಡಿಗೂ ಒಂದು ತೂಕ ಇರುತ್ತದಲ್ಲ! ಅದು ಒಂದು ಜೋಡಿ ಇಡ್ಲಿಯಷ್ಟೂ ತೂಗುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಅಂತೂ ನೂರಾ ಹದಿನೈದು ಎಂದು ನಿರ್ಧರಿಸಿ, ರಕ್ತಪರೀಕ್ಷೆಗೆ ಬಳ್ಳಾರಿಗೆ ಹೋದಾಗ ಬ್ರೂಸ್‌ಪೇಟೆಯ ಬೆಲ್ಲದ ಅಂಗಡಿಗೆ ಹೋಗಿ ಹತ್ತು ಕಿಲೋದ ಬೆಲ್ಲದ ಗಟ್ಟಿ, ಅಂದರೆ ಪೆಂಟೆ, ಹನ್ನೊಂದೂವರೆ ತೂಗಿಸಿ ನೇರ ಕುರುಗೋಡಿಗೆ ಕಳಿಸಿದೆ. "ಒಂದೆರಡು ಪೆಂಟಿ ಜಾಸ್ತಿ ಇರ್ಲಿರಿ, ಉಳಿದ್ರ ವಾಪಸ್ ತಗೊಂತೀವಿ" ಎಂದ ಅಂಗಡಿಯವನು. ನನ್ನ ಹೆಂಡತಿ ಶಾರದಾನೂ ಹೂಂಗುಟ್ಟಿದಳು. ನಾನು ಒಪ್ಪಲಿಲ್ಲ. ಒಂದು ಪೆಂಟೆ ಹೆಚ್ಚಿಗೆ ಇಟ್ಟರೂ ಆಪರೇಷನ್ನಿನ ಮೇಲೆ ನನಗೇ ನಂಬಿಕೆ ಇಲ್ಲ ಎಂದು ಅಕ್ಕ ತಿಳಿಯುವುದಿಲ್ಲವೇ? "ತೂಕದ ಮಾತು ನನಗ ಹೇಳಬ್ಯಾಡ" ಎಂದು ಶಾರದಾಳ ಬಾಯಿ ಮುಚ್ಚಿಸಿದೆ.

ಆಪರೇಷನ್ ಆಯಿತು. ಅದರ ಬಗ್ಗೆ ನಾನು ಧೈರ್ಯವಾಗಿ ಬರೆಯಬಹುದಾಗಿತ್ತು, ಆದರೆ ಶಾರದಾ ಇದನ್ನು ಓದುತ್ತಾಳೆ. ಸೂಜಿ ಕಂಡು ನರ್ಸಮ್ಮನ ಕೈ ಹಿಡಿದು ಅತ್ತದ್ದು, ಕಾಗದಕ್ಕೆ ಸಹಿ ಹಾಕುವಾಗ ಪೆನ್ನು ಮೂರು ಸಲ ಬಿದ್ದದ್ದು ಎಲ್ಲಾ ನಿಜ. ಎಚ್ಚರಾದಾಗ ಹೊಟ್ಟೆಯ ಮೇಲೆ ಐದು ಸಣ್ಣ ಪಟ್ಟಿ, ಕೈಗೆ ಸಲೈನು. ಬಾಟಲಿಯ ಮೇಲೆ ಬಾಟಲಿ ಏರಿಸುತ್ತಲೇ ಇದ್ದರು. ಶುಕ್ರವಾರ ಮನೆಗೆ ಕಳಿಸುವ ಮುಂಚೆ ತೂಕದ ಮಷೀನಿನ ಮೇಲೆ ನಿಲ್ಲಿಸಿದರು. ನೂರಾ ಇಪ್ಪತ್ತೇಳು! ಮೂರು ದಿನ ಉಪವಾಸ, ಹೊಟ್ಟೆ ಕತ್ತರಿಸಿ ಒಗೆದಾಗಿದೆ, ಬಂದಾಗ ಇದ್ದದ್ದಕ್ಕಿಂತ ಐದು ಕಿಲೋ ಹೆಚ್ಚು! ಆ ಮಷೀನಿಗೆ ಸರ್ಕಾರದ ಮುದ್ರೆ ಬಿದ್ದು ಎಷ್ಟು ವರ್ಷ ಆಯಿತು ಎಂದು ನಾನು ನರ್ಸಮ್ಮನನ್ನು ಕೇಳಿದೆ. ಇನ್ನೊಂದು ಮಷೀನು ತಂದರು. ಅದು ನೂರಾ ಇಪ್ಪತ್ತೇಳೂವರೆ ಅಂದಿತು. ನಾನು ಮೊದಲನೆಯದನ್ನೇ ಒಪ್ಪಿಕೊಂಡೆ.

ಡಾಕ್ಟರು ಬಂದು ಕಾಲು ಒತ್ತಿ ನೋಡಿದರು. "ಎರಡೂ ಕಾಲು ಒಂದೇ ಸಮ ಊದಿವೆ. ಮೀನಖಂಡ ನೋವಿದೆಯಾ? ಉಸಿರು ಕಟ್ಟುತ್ತಾ? ಇಲ್ಲ ತಾನೇ? ಹಾಗಿದ್ದರೆ ಇದು ಕೊಬ್ಬಲ್ಲ, ಸಲೈನಿನ ನೀರು. ಗಾಯ ಮಾಯುವಾಗ ಮೈ ನೀರು ಹಿಡಿದುಕೊಳ್ಳುತ್ತದೆ. ವಾರ ಹತ್ತು ದಿನದಲ್ಲಿ ತಾನೇ ಹೋಗುತ್ತದೆ. ಒಂದೇ ಕಾಲು ಊದಿದರೆ, ಉಸಿರು ಹತ್ತಿದರೆ ಮಾತ್ರ ತಕ್ಷಣ ಬನ್ನಿ. ಅಲ್ಲಿಯವರೆಗೆ ತೂಕದ ಮಷೀನನ್ನು ಮಂಚದ ಕೆಳಗೆ ತಳ್ಳಿಬಿಡಿ." ಇಪ್ಪತ್ತೆರಡು ವರ್ಷ ಜನ ನನಗೆ 'ಇದು ನೀರು, ತಾನೇ ಹೋಗುತ್ತದೆ' ಎಂದೇ ಹೇಳಿದ್ದಾರೆ. ನಾನು ಯಾರನ್ನು ನಂಬಿದ್ದೇನೆ? ಡಾಕ್ಟರನ್ನೂ ನಂಬಲಿಲ್ಲ.

ಆದರೂ ಮಷೀನನ್ನು ಮಂಚದ ಕೆಳಗೆ ತಳ್ಳಿದೆ. ಬಗ್ಗಿ ಎತ್ತಲು ಹೊಟ್ಟೆಯ ಹೊಲಿಗೆ ಬಿಡುತ್ತಿರಲಿಲ್ಲವಾದ್ದರಿಂದ ಕಾಲಿನಿಂದಲೇ ಎಳೆದು ತೆಗೆಯುವುದನ್ನು ಕಲಿತೆ. ನೀರು ಕುಡಿಯುವ ಮುಂಚೆ ಒಂದು ಸಲ, ಕುಡಿದ ಮೇಲೆ ಒಂದು ಸಲ. ಉಸಿರು ಬಿಟ್ಟು ಒಂದು ಸಲ, ಹಿಡಿದು ಒಂದು ಸಲ. ಉಂಗುರ ಬೆರಳಿನಲ್ಲಿ ಸಿಕ್ಕಿಕೊಂಡಿತ್ತು, ಸೋಪು ಹಚ್ಚಿ ಎಳೆದು ತೆಗೆದು, ಅದರದ್ದೂ ಒಂದು ತೂಕ ಕಳೆಯಿತು ಎಂದು ಸಮಾಧಾನಪಟ್ಟುಕೊಂಡೆ. ಶಾರದಾ ಮಾಡಿಕೊಟ್ಟ ತಿಳಿಸಾರಿನಲ್ಲಿರುವ ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆಂದು ಅವಳ ಮೇಲೆ ರೇಗಿದೆ. "ಉಪ್ಪು ಹಾಕೇ ಇಲ್ರಿ, ನಿಮ್ಮ ಕಣ್ಣೀರು ಬಿದ್ದಿರಬೇಕು" ಎಂದಳು ಅವಳು.

ಇದರ ನಡುವೆ ನೋಡಲು ಬರುವವರ ಕಾಟ. ಮನೆಗೆ ಬಂದವರಿಗೆ ಒಗ್ಗಾಣಿ, ಮಿರ್ಚಿ ಮಾಡಿ ಕೊಡಬೇಕು, ಅವರು ಅದನ್ನು ನನ್ನ ಮುಂದೆಯೇ ಕೂತು ಕರಕರ ತಿನ್ನುತ್ತ ನನ್ನ ಪಥ್ಯದ ಬಗ್ಗೆ ಮರುಗಬೇಕು. ನಾನು ಸಣ್ಣ ಔಷಧಿಯ ಲೋಟದಲ್ಲಿ ಗುಟುಕು ಗುಟುಕಾಗಿ ಮಜ್ಜಿಗೆ ಕುಡಿಯಬೇಕು. ಎದುರುಮನೆಯ ಈರಮ್ಮ ನನ್ನ ಮುಖವನ್ನು ನಾಲ್ಕು ಕಡೆಯಿಂದ ನೋಡಿ, "ಪರವಾಗಿಲ್ಲವಾ ಶಾರದಾ, ಆಪರೇಷನ್ ಆದಮ್ಯಾಲೆ ಮೈಕೈ ತುಂಬ್ಕೊಂಡು ಮುಖಕ್ಕ ಕಳಿ ಬಂದೈತಿ" ಎಂದಳು. ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನಾನು ಗೋಡೆ ಕಡೆ ತಿರುಗಿ ಮಲಗಿಬಿಟ್ಟೆ.

ಭಾನುವಾರ ಸಂಜೆ ನೂರಾ ಇಪ್ಪತ್ತೈದು. ಬೆಲ್ಲ ಮಾತ್ರ ನೂರಾ ಹದಿನೈದು ಕಿಲೋ ಕುರುಗೋಡಿನಲ್ಲಿ ಹಾಯಾಗಿ ಕೂತಿತ್ತು. ಇನ್ನೊಂದು ಪೆಂಟೆ ತರಿಸಿಬಿಡಿ, ಕಥೆ ಮುಗಿಯಿತು ಎಂದು ನೀವು ಹೇಳುತ್ತೀರಿ. ತರಿಸಿದರೆ ಅವ್ವ ಯಾಕೆ ಎನ್ನುತ್ತಾಳೆ, ಅವ್ವ ಕೇಳಿದ್ದು ಅಕ್ಕನಿಗೆ ಗೊತ್ತಾಗುತ್ತದೆ, ಅಕ್ಕ "ನಿನಗ ಇಳೀಲಿಲ್ಲ, ನನಗೇನು ಇಳಿಯತೈತಿ" ಎಂದು ಗೋಡೆ ಹಿಡಿದುಕೊಂಡೇ ಉಳಿದುಬಿಡುತ್ತಾಳೆ. ಆ ಸಂಕಟ ನಿಮಗೆ ತಿಳಿಯುವುದಿಲ್ಲ. ಶಾರದಾಳಿಗೆ ಮಾತ್ರ ಗುಟ್ಟು ಹೇಳಿದೆ. ಪೂಜೆಯ ಸಾಮಾನೆಂಬ ನೆಪದಲ್ಲಿ ತೆಂಗಿನಕಾಯಿ, ಬಾಳೆಹಣ್ಣನ್ನೆಲ್ಲ ಬೆಲ್ಲದ ತಟ್ಟೆಗೇ ಸೇರಿಸುವುದು, ನಾನು ತೆಳ್ಳಗಿನ ಪಂಚೆಯುಟ್ಟು ಬೆಲ್ಟು, ಗಡಿಯಾರ, ಮೊಬೈಲು ಎಲ್ಲಾ ಬಿಚ್ಚಿಟ್ಟು ಕೂಡುವುದು ಎಂದು ತೀರ್ಮಾನವಾಯಿತು. ಮೂಟೆಗಳ ನಡುವೆ ಮಾವನನ್ನು ಬಚ್ಚಿಟ್ಟವನು ನೆನಪಾಗಿ ಮೈ ಜುಂ ಎಂದಿತು.

ಸೋಮವಾರ ಕುರುಗೋಡು. ಬಿಸಿಲು ಆಗಲೇ ಏರಿತ್ತು. ಭಾವ ದೇಶನೂರಿನಿಂದ ಟೆಂಪೊ ಮಾಡಿಕೊಂಡು ಅಕ್ಕನನ್ನು ಕರೆತಂದಿದ್ದರು, ಜೊತೆಗೆ ಗುಡಿಯ ದಾಸೋಹಕ್ಕೆಂದು ಹೊಸ ಅಕ್ಕಿಯ ಚೀಲ. ಅಕ್ಕನಿಗೆ ಮೆಟ್ಟಿಲು ಹತ್ತಲು ಆಗಲಿಲ್ಲ, ಕೆಳಗಿನ ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದಳು. ನಾನು ಮುಖದಲ್ಲಿ ಆದಷ್ಟು ಕೃಶತೆ ತಂದುಕೊಂಡು ತಕ್ಕಡಿಯಲ್ಲಿ ಕೂತೆ. ತಟ್ಟೆ ಠಣ್ಣೆಂದು ಕಲ್ಲಿಗೆ ಬಡಿಯಿತು. ಪೂಜಾರಪ್ಪ ಮಂತ್ರ ಹೇಳಿದ, ಬೆಲ್ಲದ ಪೆಂಟೆ ಒಂದೊಂದಾಗಿ ಎದುರು ತಟ್ಟೆಗೆ ಏರಿತು. ಹತ್ತು, ಹನ್ನೊಂದು, ಮೇಲೊಂದು ಅರ್ಧ. ನಾನು ಅಲುಗಲಿಲ್ಲ. ಶಾರದಾ ಎರಡು ತೆಂಗಿನಕಾಯಿ ಇಟ್ಟಳು, ಬಾಳೆಹಣ್ಣಿನ ಚಿಪ್ಪು ಇಟ್ಟಳು, ದೀಪದೆಣ್ಣೆಯ ಡಬ್ಬಿ ಇಟ್ಟಳು. ಕೊನೆಗೆ ತನ್ನ ವ್ಯಾನಿಟಿ ಬ್ಯಾಗನ್ನೂ ಇಟ್ಟಾಗ ಪೂಜಾರಪ್ಪ, "ದೇವರಿಗೆ ಬ್ಯಾಗು ಬ್ಯಾಡ್ರಿ ತಾಯಿ" ಎಂದು ತೆಗೆದು ಕೊಟ್ಟ. ಬೆಲ್ಲದ ತಟ್ಟೆ ಗಾಳಿಯಲ್ಲಿ ತೂಗುತ್ತಲೇ ಇತ್ತು.

ಅವ್ವನ ಮುಖ ಕಪ್ಪಿಟ್ಟಿತು. "ದೇವರು ಒಲ್ಲೆ ಅಂದ್ನೇನಪಾ" ಎಂದು ಗರ್ಭಗುಡಿಯತ್ತ ಕೈ ಮುಗಿದಳು. ಅವ್ವನಿಗಿಂತ ನನಗೆ ಹೆದರಿಕೆ ಕೆಳಗಿನ ಕಟ್ಟೆಯದ್ದು. ಅತ್ತ ನೋಡಲು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಭಾವ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದರು. ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ಪಂಚೆ ಸ್ವಲ್ಪ ಸರಿಸಿ, ನನ್ನ ಮೊಳಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಬೆರಳು ತೆಗೆದಾಗ ಅಲ್ಲಿ ಗೋಲಿ ಆಡುವಷ್ಟು ಕುಳಿ ಬಿದ್ದಿತ್ತು. ಭಾವ ಅದನ್ನು ಪೂಜಾರಪ್ಪನಿಗೂ, ನೆರೆದ ಹತ್ತಿಪ್ಪತ್ತು ಮಂದಿಗೂ ತೋರಿಸಿದರು.

"ನೋಡ್ರಿ, ಇದು ಮಾಲಿನ ತೂಕ ಅಲ್ಲ. ತೇವ ಐತಿ. ಗುಮಾಸ್ತ್ರೆ, ಕಡಿತ ಎಷ್ಟು ಹಾಕೋಣ, ನೀವ ಹೇಳ್ರಿ."

ಗುಡಿಯೆಲ್ಲ ಗೊಳ್ಳೆಂದಿತು. ಆಗ ನನ್ನ ಬಾಯಿಂದ ಬಂದ ಮಾತನ್ನು ಬರೆಯಲು ಇಂದಿಗೂ ನಾಚಿಕೆ. ತಟ್ಟೆಯ ಸರಪಳಿ ಹಿಡಿದುಕೊಂಡು, ಅಳುವ ದನಿಯಲ್ಲಿ, "ಭಾವಾರ, ಬರೇ ನೀರ್ರಿ ಅದು. ಇನ್ನ ಎರಡು ದಿನ ಬಿಟ್ರ ಸರಿ ಹೋಗತೈತ್ರಿ" ಎಂದೆ. ಅದೇ ಮಾತು, ಅದೇ ರಾಗ. ನಮ್ಮ ಮಿಲ್ಲಿಗೆ ಭತ್ತ ಹಾಕುವ ಒಬ್ಬ ರೈತನೂ ಅಲ್ಲಿದ್ದ, ಅವನು ನಗುವ ಭರಕ್ಕೆ ಕಂಬ ಹಿಡಿದುಕೊಂಡ.

"ಪಾಪ, ಬಡವಾ ಅದಾನ, ಕಡಿತ ಬ್ಯಾಡ" ಎಂದು ಭಾವ ದೊಡ್ಡ ಮನಸ್ಸು ಮಾಡಿದರು. ಟೆಂಪೊದಿಂದ ಅಕ್ಕಿ ಚೀಲ ತರಿಸಿದರು. ಹರಕೆ ಬೆಲ್ಲದ್ದಲ್ಲವೇ ಎಂದು ಅವ್ವ ಅನುಮಾನಿಸಿದಾಗ, ಮೇಲೊಂದಿಷ್ಟು ಅಕ್ಕಿ ಆದರೆ ಬಸವಣ್ಣ ಬೇಡ ಅನ್ನುವುದಿಲ್ಲ ಎಂದು ಪೂಜಾರಪ್ಪ ಒಪ್ಪಿಗೆ ಕೊಟ್ಟ. ಅದು ಇಪ್ಪತ್ತೈದು ಕಿಲೋದ ಚೀಲ. ಅದನ್ನು ಮೆಲ್ಲಗೆ ಇಡಿ ಎಂದು ನಾನು ಹೇಳುವಷ್ಟರಲ್ಲಿ ಇಬ್ಬರು ಸೇರಿ ಧಡ್ಡೆಂದು ಒಗೆದರು. ನಾನು ಆ ತಟ್ಟೆಯ ಸಮೇತ ಮೇಲಕ್ಕೆ ಹಾರಿದೆ. ಐದೂ ಹೊಲಿಗೆಗಳು ಒಟ್ಟಿಗೆ ನನ್ನ ಹೆಸರು ಹಿಡಿದು ಕೂಗಿದವು. ಕೆಳಗೆ ಎಲ್ಲರೂ ಹರ ಹರ ಮಹಾದೇವ ಎಂದರು, ಮೇಲೆ ನಾನೊಬ್ಬನೇ "ಯವ್ವಾ ಸತ್ನೆಪ್ಪೋ" ಎಂದೆ. ಅವ್ವ ಆನಂದದಿಂದ ಕಣ್ಣೊರೆಸಿಕೊಂಡಳು. ಎರಡು ದಿನದ ಮೇಲೆ ನೀರೆಲ್ಲ ಇಳಿಯತೊಡಗಿ, ತಾಸಿಗೊಮ್ಮೆ ಬಚ್ಚಲಿಗೆ ಓಡಿ ಓಡಿ ನಾನು ನೂರಾ ಹದಿನೇಳಕ್ಕೆ ಬಂದೆ. ಎಲ್ಲಾ ಹರಕೆಯ ಫಲ ಎಂದು ಅವ್ವ ಇವತ್ತಿಗೂ ಓಣಿಯ ತುಂಬ ಹೇಳುತ್ತಾಳೆ, ಡಾಕ್ಟರ ಹೆಸರು ಎತ್ತುವುದೇ ಇಲ್ಲ.

ಆದರೆ ಆ ಸೋಮವಾರ ನನಗೆ ಅದೆಲ್ಲ ಎಲ್ಲಿ ಗೊತ್ತಿತ್ತು? ಸೋತ ಮುಖ ಹೊತ್ತುಕೊಂಡು ಕೆಳಗಿಳಿದು ಅಕ್ಕನ ಪಕ್ಕದಲ್ಲಿ ಕೂತೆ. "ಅಕ್ಕಾ, ಅದು ಖರೇವಂದ್ರೂ ನೀರು. ನಾ ಇಳೀತೀನಿ. ನನ್ನ ನೋಡಿ ನೀ ಬ್ಯಾಡ ಅನಬ್ಯಾಡ" ಎಂದು ಬೇಡಿಕೊಂಡೆ. ಅಕ್ಕ ನನ್ನ ಊದಿದ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡಳು.

"ನಿನ್ನ ತೂಕ ಯಾರಿಗೆ ಬೇಕಾಗಿತ್ತಲೇ? ಆ ಸೂಜಿ ಕೊಟ್ಟು ಮಲಗಿಸ್ತಾರಲ್ಲ, ಮಲಗಿದಾಕಿ ಮತ್ತ ಏಳತೀನೋ ಇಲ್ಲೋ ಅಂತ ನನಗ ಅಂಜಿಕಿ. ಯಾರಿಗೂ ಹೇಳಿದ್ದಿಲ್ಲ. ಸೂಜಿ ಕಂಡ್ರ ಅಳೋ ನಿನ್ನಂಥ ಅಂಜುಬುರಕನೇ ಮಲಗಿ ಎದ್ದು ಬಂದು, ತಕ್ಕಡ್ಯಾಗ ಕೂತು ಹಾರತಾನ ಅಂದಮ್ಯಾಲೆ, ನನಗೇನಾಗತೈತಿ? ಡಾಕ್ಟರಿಗೆ ಫೋನ್ ಹಚ್ಚು."

ನಾನು ಅಲ್ಲೇ ಎಲ್ಲರ ಮುಂದೆ ಹೋ ಎಂದು ಅತ್ತೆ. ಸಂತೋಷಕ್ಕೆ ಮುಕ್ಕಾಲು, ಸಿಟ್ಟಿಗೆ ಕಾಲು. ಅಕ್ಕ ನೋಡಿದ್ದು ನನ್ನ ಅಂಜುಬುರುಕುತನವನ್ನು ಮಾತ್ರ, ಅದು ನನ್ನ ಹತ್ತಿರ ಮೊದಲಿಂದಲೂ ಬೇಕಾದಷ್ಟಿತ್ತು. ಅದಕ್ಕಾಗಿ ಹೊಟ್ಟೆ ಯಾಕೆ ಕೊಯ್ಯಿಸಿಕೊಳ್ಳಬೇಕಾಗಿತ್ತು?

ಅಕ್ಕ ಈಗ ಚೆನ್ನಾಗಿದ್ದಾಳೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ನೀವು ಗಾಬರಿಯಾಗುವುದು ಬೇಡ. ಆ ಸೋಮವಾರವಾಗಿ ಆರು ವಾರಕ್ಕೆ ಬಳ್ಳಾರಿಯಲ್ಲಿ ಅವಳ ಆಪರೇಷನ್. ಹಸಿರು ಅಂಗಿ ಹಾಕಿ ಅವಳನ್ನು ತಳ್ಳುಗಾಡಿಯ ಮೇಲೆ ಮಲಗಿಸಿಕೊಂಡು ಹೊರಟಾಗ, ಧೈರ್ಯ ಹೇಳಲೆಂದು ಪಕ್ಕದಲ್ಲೇ ನಡೆಯುತ್ತಿದ್ದ ನನಗೆ ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದು ನಿಂತೆ. ಅಕ್ಕ ಮಲಗಿದಲ್ಲಿಂದಲೇ ಕತ್ತೆತ್ತಿ ನೋಡಿ, "ನರ್ಸಮ್ಮಾ, ನನ್ನ ಬಿಟ್ಟು ಮೊದ್ಲು ಇವನ್ನ ಒಂದು ಕಡಿ ಕೂಡಸ್ರಿ. ಬಿದ್ನಂದ್ರ ನೂರಾ ಎಂಟು ಕಿಲೋ ಅದಾನ, ಎತ್ತೋರು ಯಾರು?" ಎಂದಳು.

"ನೂರಾ ಏಳೂವರಿ, ಅಕ್ಕಾ!" ಎಂದು ನಾನು ಕೂಗುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು.